ಗಂಟು ಹಾಕದ ನೂಲು

೫ ಮಾರ್ಚ್ ೧೯೮೪, ಸೋಮವಾರ

ಇವತ್ತೂ ಅದೇ ಫಾರಂ. ನಮ್ಮ ಕುಟುಂಬ ಸೇವಾ ಕೇಂದ್ರದ ಕೆಲಸಗಾರರು ತಾಯಂದಿರ ಮಾತು ಎಷ್ಟು ಕೇಳುತ್ತಾರೆ, ಎಷ್ಟು ಧೈರ್ಯ ತುಂಬುತ್ತಾರೆ ಎಂದು ಅಳೆಯಬೇಕಂತೆ. ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೆ ಐದು ಮಾರ್ಕ್ಸ್. ತಾಯಂದಿರ ಮನೆಗೆ ಹೋಗಿ ಮಾರ್ಕ್ಸ್ ಬರೆದುಕೊಂಡು ಬರುವವರೂ ನಾವೇ! ಸೂಪರಿಂಟೆಂಡೆಂಟ್ ರಾಮಪ್ರಸಾದ್ ಸಾರ್‌ಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಹದಿನೇಳರೊಳಗೆ ನಲವತ್ತು ಫಾರಂ ಬೇಕು ಎಂದರು.

ಮಧ್ಯಾಹ್ನ ಇಟ್ಟಮಡು. ಕೆಂಪಕ್ಕ ಬಾಗಿಲಲ್ಲೇ ಕೂತಿದ್ದಳು. ಗಂಡ ಇಲ್ಲ. ಕ್ಷಯ ಎಂದು ಆಸ್ಪತ್ರೆ ಸೇರುವಾಗ ಮಗಳು ಅಂಜನಮ್ಮನನ್ನು ನಮ್ಮ ಶಿಶುಮಂದಿರದಲ್ಲಿ ಬಿಟ್ಟವಳು. ವರ್ಷವಾಗುತ್ತ ಬಂತು. ಈಗ ಮನೆಗೆ ಬಂದಿದ್ದಾಳೆ, ಆದರೆ ಎಕ್ಸ್‌ರೇ ಕ್ಲೀನ್ ಬರುವವರೆಗೆ ಮಗುವಿನ ಹತ್ತಿರ ಹೋಗುವ ಹಾಗಿಲ್ಲ.

ಪ್ರಶ್ನೆ ಓದಲು ಹೊರಟೆ. ನಮಗೇನು ತಿಳಿಯುತ್ತೆ, ನೀವೇ ಹಾಕ್ಕೊಳ್ಳಿ ಎಂದಳು. ಎಲ್ಲರೂ ಹೇಳುವುದು ಅದನ್ನೇ. ಆಮೇಲೆ ಒಳಗಿಂದ ಒಂದು ಬಿಳಿ ನೂಲು ತಂದಳು.

"ಮಗೀನ ಪಕ್ಕ ಹಿಡಿದು, ಎತ್ತರಕ್ಕೆ ಒಂದು ಗಂಟು ಹಾಕ್ಕೊಂಡು ಬನ್ನಿ ಮೇಡಂ. ಫ್ರಾಕ್ ಹೊಲೀತೀನಿ. ನಾಕು ವರ್ಸದ್ದು, ಈಗ ಎಷ್ಟುದ್ದ ಆಗೈತೋ..."

ತರುತ್ತೇನೆ ಎಂದೆ. ಬ್ಯಾಗಿಗೆ ಹಾಕಿಕೊಂಡೆ.

೧೭ ಮಾರ್ಚ್, ಶನಿವಾರ, ಸಂಜೆ ೪

ಕಡೆಯ ದಿನ. ಹನ್ನೊಂದು ಫಾರಂ ಬಾಕಿ ಇತ್ತು. ಯಾರ ಮನೆಗೂ ಹೋಗದೆ ಟೇಬಲ್ ಮೇಲೇ ಮುಗಿಸಿದೆ. ಕೆಂಪಕ್ಕನದೂ. "ಸಿಬ್ಬಂದಿ ನಿಮ್ಮ ಮಾತು ಕೇಳುತ್ತಾರೆ" — ಐದು. "ಮಗುವಿನ ಮುಂದಿನ ವ್ಯವಸ್ಥೆಯನ್ನು ತಾಯಿಯೇ ತಿಳಿದು ನಿರ್ಧರಿಸಿದ್ದಾಳೆ" — ಐದು. ಕೈ ನೋವು. ನೂಲು ನೆನಪಾಯಿತು. ಶಿಶುಮಂದಿರ ಪಕ್ಕದ ಬಿಲ್ಡಿಂಗೇ... ಸೋಮವಾರ ನೋಡೋಣ.

೨೬ ಮಾರ್ಚ್

ಜ್ವರ. ಕಣ್ಣು ಹಳದಿ. ಜಾಂಡೀಸ್ ಅಂತೆ. ರಜೆ ಬರೆದುಕೊಟ್ಟೆ.

೯ ಜುಲೈ, ಸೋಮವಾರ

ಮೂರು ತಿಂಗಳ ಮೇಲೆ ಆಫೀಸು. ನಮ್ಮ ಕೇಂದ್ರಕ್ಕೆ ನೂರಕ್ಕೆ ತೊಂಬತ್ತಾರು ಬಂದಿದೆ! ಎಲ್ಲರಿಗೂ ಮೈಸೂರುಪಾಕು ಹಂಚಿದ್ದರಂತೆ.

ನೂಲು ತೆಗೆದುಕೊಂಡು ಶಿಶುಮಂದಿರಕ್ಕೆ ಹೋದೆ. ಅಂಜನಮ್ಮ ಇಲ್ಲ. ಮದ್ರಾಸಿನ ದಂಪತಿಗೆ ದತ್ತು ಹೋಗಿದ್ದಾಳೆ, ಕೋರ್ಟಿನ ಆರ್ಡರ್ ಆಗಿದೆ ಎಂದು ಆಯಾ ತಿಮ್ಮಕ್ಕ ಹೇಳಿದಳು. ರಾಮಪ್ರಸಾದ್ ಸಾರ್ ಫೈಲ್ ತೋರಿಸಿದರು. ಕೆಂಪಕ್ಕ ಆಸ್ಪತ್ರೆ ಸೇರುವಾಗ, ಮಗುವನ್ನು ಒಪ್ಪಿಸಿದ ಕಾಗದಕ್ಕೆ ಹಾಕಿಸಿಕೊಂಡ ಹೆಬ್ಬೆಟ್ಟು. ಅದರ ಮೇಲೆ ಪಿನ್ ಮಾಡಿದ ಫಾರಂ. ನನ್ನ ಅಕ್ಷರ.

"ನೀವೇ ಬರೆದಿದೀರಲ್ಲ ಸೀತಾಲಕ್ಷ್ಮಿ. ತಾಯೀನೇ ನಿರ್ಧಾರ ಮಾಡಿದಾಳೆ ಅಂತ. ದತ್ತು ಕಮಿಟಿ ಅದನ್ನ ನೋಡೇ ಒಪ್ಪಿದ್ದು."

ಅದು ಸುಳ್ಳು ಎಂದು ಬರೆದುಕೊಡುತ್ತೇನೆ ಎಂದೆ. ಬರೆದುಕೊಡಿ, ಆದರೆ ಆರ್ಡರ್ ಆಗಿಹೋಗಿದೆ, ಮಗು ಊರು ಬಿಟ್ಟಿದೆ ಎಂದರು. ಕೆಂಪಕ್ಕನಿಗೆ ಕಾಗದ ಹಾಕಿದ್ದಾರಂತೆ. ಓದಲು ಬರದವಳಿಗೆ.

೧೦ ಜುಲೈ

ಬರೆದುಕೊಟ್ಟೆ. ಸಾರ್ ತೆಗೆದುಕೊಂಡು ಡ್ರಾಯರ್‌ನಲ್ಲಿ ಇಟ್ಟರು. ಇಟ್ಟಮಡುವಿಗೆ ಹೋಗಬೇಕು. ಬಸ್ ಸ್ಟಾಪಿನವರೆಗೆ ಹೋಗಿ ವಾಪಸು ಬಂದೆ. ನಾಚಿಕೆಯಾಗುತ್ತದೆ, ನನ್ನನ್ನು ಕಂಡರೆ ನನಗೇ ಅಸಹ್ಯ.

೧೨ ಜುಲೈ, ಗುರುವಾರ

ಕೆಂಪಕ್ಕನೇ ಆಫೀಸಿಗೆ ಬಂದಳು. ಎಣ್ಣೆ ಹಚ್ಚಿ ತಲೆ ಬಾಚಿದ್ದಳು. ಕೈಯಲ್ಲಿ ಎಕ್ಸ್‌ರೇ ಕವರು, ಕ್ಲೀನ್ ಬಂದಿದೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸವೂ ಸಿಕ್ಕಿದೆ. ಕಂಕುಳಲ್ಲಿ ಕಟ್‌ಪೀಸ್ ಬಟ್ಟೆ, ಗುಲಾಬಿ ಬಣ್ಣದ್ದು.

ಹೇಳಿದೆ. ಎಲ್ಲವನ್ನೂ ಹೇಳಿದೆ, ಫಾರಂ ತುಂಬಿದ್ದು ನಾನು ಎಂದೂ. ಕೂಗಾಡಲಿಲ್ಲ ಅವಳು. ಬಟ್ಟೆಯ ಅಂಚು ಸವರಿದಳು. ಆಮೇಲೆ, "ಅದ್ರಾಗೆ ನಾನು ಏನಂದಿವ್ನಿ ಅಂತ ಐತೆ, ಓದಿ" ಎಂದಳು.

ಫೈಲ್ ತಂದು ಮೊದಲನೆಯದು ಓದಿದೆ. ಸಿಬ್ಬಂದಿ ನಿಮ್ಮ ಮಾತು ಕೇಳುತ್ತಾರೆ. ಐದಕ್ಕೆ ಐದು.

"ಹಂಗಾದ್ರೆ ನನ್ ನೂಲು ಎಲ್ಲಿ ಮೇಡಂ?"

ಬ್ಯಾಗಿಗೆ ಕೈ ಹಾಕಿದೆ. ನೂಲು ಸಿಕ್ಕಿತು. ಕೆಂಪಕ್ಕ ಅದನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳಲ್ಲಿ ತಡವುತ್ತ ಹೋದಳು, ಗಂಟಿಗಾಗಿ, ಮತ್ತೆ ಮೊದಲಿಂದ...