ಎರಡನೆಯ ಹೆಬ್ಬೆರಳು

೧೪ ಅಕ್ಟೋಬರ್, ಮಂಗಳವಾರ

ಫೋನ್ ಬದಲಿಸುವ ವಿಚಾರ ಇವತ್ತೂ ಇತ್ಯರ್ಥವಾಗಲಿಲ್ಲ. ಮಗಳು ಬೆಳಿಗ್ಗೆಯೇ ಶುರುಮಾಡಿದ್ದಳು: "ಅಪ್ಪಾ, ಅದಕ್ಕೆ ನಿಮಗಿಂತ ಹೆಚ್ಚು ಸುಸ್ತು. ಹೊಸದು ತಗೊಂಡೇ ಬನ್ನಿ." ಸುಳ್ಳಲ್ಲ. ಮಧ್ಯಾಹ್ನವಾದರೆ ಅದೂ ನನ್ನ ಹಾಗೆಯೇ ಮಲಗಿಬಿಡುತ್ತದೆ. ಗೊರಕೆ ಹೊಡೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದಾಕೆ ಜಾಣೆ. ಫೋಟೊ, ನಂಬರು, ಹಳೆಯ ಮೆಸೇಜು ಎಲ್ಲ ಹೊಸ ಫೋನಿಗೆ ಬರುತ್ತವೆ ಎಂದಳು. ಆಮೇಲೆ ಸೆಟ್ಟಿಂಗ್ಸ್ ನೋಡಿ, "ಬೆರಳಚ್ಚು ಮಾತ್ರ ಬರಲ್ಲ ಸಾರ್. ಇದರಲ್ಲಿ ಎರಡಿವೆ, ನಿಮ್ಮದೊಂದು, ಇನ್ನೊಂದು 'ಯಜಮಾನಿ' ಅಂತ. ಮೇಡಮ್ಮನ್ನೂ ಕರ್ಕೊಂಡು ಬನ್ನಿ, ಎರಡು ನಿಮಿಷದ ಕೆಲಸ" ಎಂದಳು.

ಆ ಹೆಸರನ್ನು ನನ್ನ ಹೆಂಡತಿಯೇ ಟೈಪ್ ಮಾಡಿದ್ದು. ನನ್ನನ್ನು ಈ ಫೋನು ಮೂರು ಸಲ ವಿಚಾರಿಸಿಯೇ ಒಳಗೆ ಬಿಡುತ್ತಿತ್ತು. ಅವಳ ಹೆಬ್ಬೆರಳು ತಾಕಿದರೆ ಸಾಕು, ತೆರೆದುಕೊಳ್ಳುತ್ತಿತ್ತು. "ನಿಮ್ಮನ್ನ ಇದೂ ನಂಬಲ್ಲ ರೀ" ಎಂದು ನಗುತ್ತಿದ್ದಳು.

ಅವಳು ತೀರಿಕೊಂಡು ಏಳು ತಿಂಗಳು. ಊರಿಗೆಲ್ಲ ನಾನೇ ಹೇಳಿದ ಸುದ್ದಿ ಅಲ್ಲಿ ಬಾಯಿಗೆ ಬರಲಿಲ್ಲ. "ಅವಳಿಗೆ ಈಗ ಬಿಡುವಿಲ್ಲಮ್ಮ" ಎಂದು ಫೋನನ್ನು ಜೇಬಿಗೆ ಹಾಕಿಕೊಂಡು ಬಂದುಬಿಟ್ಟೆ. ಹೊಸ ಫೋನಿನ ಬಣ್ಣ ನನಗೆ ಹಿಡಿಸಲಿಲ್ಲ ಎಂದು ಮಗಳಿಗೆ ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ.

ಹಳೆಯದೇ ಇರಲಿ. ಆ ಬೆರಳು ಇನ್ನು ಬರುವುದಿಲ್ಲ ಎಂಬುದು ನನಗೆ ಗೊತ್ತು, ಫೋನಿಗೆ ಗೊತ್ತಿಲ್ಲ. ಮನೆಯಲ್ಲಿ ಒಬ್ಬರಾದರೂ ಕಾಯುತ್ತಿರಲಿ.

ಅಲಾರಂ ಇಡೋಣವೆಂದು ಈಗ ಹೆಬ್ಬೆರಳಿಟ್ಟೆ. ಮತ್ತೆ ಪ್ರಯತ್ನಿಸಿ ಎನ್ನುತ್ತಿದೆ. ಬೆರಳು ಒದ್ದೆಯಿದ್ದರೆ ಇದಕ್ಕೆ ಗುರುತು ಸಿಗುವುದಿಲ್ಲ. ಒರೆಸಿಕೊಂಡು ಮತ್ತೆ ಇಟ್ಟು ನೋಡುತ್ತೇನೆ.