ಚಿಕ್ಕಮ್ಮನ ಕಂಪ್ಯೂಟರಿಗೆ ಕಾವಲು

ಮಹಡಿ ಮನೆಯಿಂದ,
ಹನ್ನೊಂದನೇ ತಾರೀಖು, ಶನಿವಾರ ಬೆಳಗ್ಗೆ

ಪ್ರೀತಿಯ ಚಿಕ್ಕಮ್ಮಾ,

ಹೇಗಿದ್ದೀಯ? ಅಮ್ಮನ ಕಾಲಿನ ಪ್ಲಾಸ್ಟರ್ ಬಿಚ್ಚಿದರಾ? ಕೆರೆತ ಶುರುವಾದರೆ ಅಮ್ಮ ಅದರೊಳಗೆ ಸ್ಕೇಲು ತೂರಿಸುತ್ತಾಳೆ, ಸ್ವಲ್ಪ ಕಣ್ಣಿಟ್ಟಿರು. ತಂಗಿಯ ಬೈಗುಳ ಬಿಟ್ಟರೆ ಇನ್ಯಾರ ಮಾತಿಗೂ ಅವಳು ಬಗ್ಗುವವಳಲ್ಲ. ನಿನ್ನ ಬೆನ್ನು ಹೇಗಿದೆ? ಅವಳನ್ನು ಎತ್ತಿ ಕೂರಿಸಲು ಹೋಗಿ ನೀನೂ ಮಲಗಿಬಿಟ್ಟರೆ ಇಬ್ಬರಿಗೂ ಅಪ್ಪನ ಅಡುಗೆಯೇ ಗತಿ, ಆಮೇಲೆ ನನ್ನನ್ನು ಕೇಳಬೇಡಿ. ನಾನು ಚೆನ್ನಾಗಿದ್ದೇನೆ. ಅಂದರೆ ಇಂಟರ್ನಲ್ಸ್ ಟೆನ್ಷನ್ನಿಗೆ ಎರಡೂ ಕೈಯ ಉಗುರು ಕಚ್ಚಿ ಮುಗಿಸಿದ್ದೇನೆ, ಅಷ್ಟು ಬಿಟ್ಟರೆ ಚೆನ್ನಾಗಿದ್ದೇನೆ. ಫೋನ್ ಮಾಡದೆ ಕಾಗದ ಯಾಕೆ ಬರೆದೆ ಅಂತ ಆಶ್ಚರ್ಯಪಡಬೇಡ. ಈ ಮನೆಯ ಗೋಡೆಗಳ ವಿಷಯ ನಿನಗೆ ಗೊತ್ತಲ್ಲ! ನಾನು ಸೀನಿದರೆ ಪಕ್ಕದ ರೂಮಿನಿಂದ ಬೇಕರಿ ಅಕ್ಕ ಮಾತ್ರೆ ಬೇಕಾ ಅಂತ ಕೂಗುತ್ತಾಳೆ.

ವಿಷಯ ನಿನ್ನ ಕಂಪ್ಯೂಟರಿನದು. ನೀನು ಗಾಬರಿಯಾಗಬೇಡ, ಅದು ನನ್ನ ಡಿಪಾರ್ಟ್‌ಮೆಂಟು. ಕಂಪ್ಯೂಟರ್ ಚೆನ್ನಾಗಿದೆ, ಒಳಗಿನದು ಒಳಗೇ ಇದೆ. ಆದರೆ ಅದನ್ನು ಕಾಯುವ ಕೆಲಸ ಅಂದರೇನು ಅಂತ ನನಗೆ ಈ ವಾರ ಅರ್ಥವಾಯಿತು. ನೀನು ಅಲ್ಲಿಗೆ ಹೊರಟಾಗ ಬಸ್ ಸ್ಟಾಂಡಿನಲ್ಲಿ ನನ್ನ ಕಿವಿಯಲ್ಲಿ ಪಾಸ್‌ವರ್ಡ್ ಹೇಳಿದೆಯಲ್ಲ, ಆಸ್ಪತ್ರೆಯ ಮೇಡಂಗೆ ತಿಳಿಸಿಯೇ ಕೊಡುತ್ತಿದ್ದೇನೆ, ಅವರು ಫೋನ್ ಮಾಡಿ ಕೇಳಿದರೆ ಮಾತ್ರ ತೆಗೆ ಅಂತ, ಆವಾಗಿನಿಂದ ನನ್ನ ಎದೆಯ ಮೇಲೆ ಯಾರೋ ಕೂತ ಹಾಗೇ ಇತ್ತು. ಡಾಕ್ಟರುಗಳು ಮಾತಾಡಿ ರೆಕಾರ್ಡ್ ಮಾಡಿದ್ದನ್ನು ಕೇಳಿ ಕೇಳಿ ನೀನು ಟೈಪ್ ಮಾಡಿದ ರಿಪೋರ್ಟುಗಳು, ಎಷ್ಟು ಜನರ ಲಿವರ್ರು, ಕಿಡ್ನಿ, ಎಷ್ಟು ಮನೆಗಳ ಅಳು, ಎಲ್ಲ ಆ ಡಬ್ಬದೊಳಗೆ. ಆ ಡಬ್ಬ ಇರುವುದು ಟೈಲರಕ್ಕ, ಬೇಕರಿ ಅಕ್ಕ, ನಾನು, ಮೂರು ಜನ ಓಡಾಡುವ ಹಾಲಿನಲ್ಲಿ!

ನೀನಾದರೋ ಯಾರಿಗೂ ಮುಟ್ಟಬೇಡಿ ಅಂತ ಹೇಳಿದವಳೇ ಅಲ್ಲ. ಒಬ್ಬೊಬ್ಬರಿಗೂ ಒಂದೊಂದು ಅಕೌಂಟು ಮಾಡಿಕೊಟ್ಟೆ. ಟೈಲರಕ್ಕನ ಡಿಸೈನ್ ಫೋಟೋಗಳಿಗೆ ಒಂದು, ಬೇಕರಿ ಅಕ್ಕನ ಸಿನಿಮಾಗಳಿಗೆ ಒಂದು, ನನ್ನ ಅಸೈನ್‌ಮೆಂಟಿಗೆ ಒಂದು. ನಿನ್ನದಕ್ಕೆ ಮಾತ್ರ ಬೀಗ, ಅದೂ ಎಲ್ಲರಿಗೂ ಹೇಳಿ ಹಾಕಿದ ಬೀಗ. "ನಿಮ್ಮ ಮೇಲೆ ಅನುಮಾನ ಅಂತಲ್ಲ ಕಣ್ರೇ, ಒಳಗಿರೋದು ನಂದಲ್ಲ, ಅದಕ್ಕೆ" ಅಂದೆ. ಯಾರಿಗೂ ಬೇಜಾರಾಗಲಿಲ್ಲ. ಆದರೆ ನಾನು ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವಳು. ಅಲ್ಲಿ ಸೋಪಿಗೂ ಬೀಗ, ಬಿಸ್ಕತ್ತಿಗೂ ಬೀಗ. ನಿನ್ನ ಏರ್ಪಾಡು ನನಗೆ ಸಾಲದೆನಿಸಿತು. ಅದಕ್ಕೇ ನೀನು ಹೋದ ಮಾರನೇ ದಿನದಿಂದ ಕೀಬೋರ್ಡು ಕಿತ್ತು ಬ್ಯಾಗಿಗೆ ಹಾಕಿಕೊಂಡು ಕಾಲೇಜಿಗೆ ಹೋಗತೊಡಗಿದೆ. ನಗಬೇಡ. ಅದರ ಅರ್ಧ ಬ್ಯಾಗಿನಿಂದ ಹೊರಗೇ ಇರುತ್ತಿತ್ತು. ಗೇಟಿನ ವಾಚ್‌ಮನ್ ದಿನಾ "ಏನಮ್ಮಾ, ಸಂಗೀತ ಕ್ಲಾಸಾ?" ಅಂತ ಕೇಳುತ್ತಿದ್ದರು. ಬೇಕರಿ ಅಕ್ಕ ಅಂತೂ "ನಿಂಗೆ ಸೀಟು ಸಿಕ್ತು ಸರಿ, ಕೀಬೋರ್ಡಿಗೂ ಅಡ್ಮಿಷನ್ ಮಾಡಿಸಿದ್ಯಾ?" ಅಂತ ಕಾಡಿದ್ದೇ ಕಾಡಿದ್ದು. ನಗದೇ ಇದ್ದವರು ಟೈಲರಕ್ಕ ಒಬ್ಬರೇ. ಗಿರಾಕಿಯೊಬ್ಬರು ಡಿಸೈನ್ ನೋಡಲು ಮನೆಗೇ ಬಂದಿದ್ದರಂತೆ, ಕೀಬೋರ್ಡಿಲ್ಲದೆ ಕಂಪ್ಯೂಟರ್ ಶುರುವೇ ಆಗದೆ ವಾಪಸ್ಸು ಕಳಿಸಿದರಂತೆ. "ನಿಮ್ಮ ಚಿಕ್ಕಮ್ಮ ತನ್ನ ಬಾಗಿಲು ಹಾಕಿದ್ಲು, ನೀನು ನಮ್ಮೆಲ್ಲರ ಬಾಗಿಲೂ ಹಾಕ್ದೆ" ಅಂದರು, ಅಷ್ಟೇ. ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸಿತು. ಅವತ್ತೇ ಕೀಬೋರ್ಡನ್ನು ಅದರ ಜಾಗದಲ್ಲಿಟ್ಟೆ.

ಇಟ್ಟೆನೇ ಹೊರತು ಸಮಾಧಾನವಾಗಲಿಲ್ಲ. ಬೀಗವನ್ನು ಎಳೆದೆಳೆದು ನೋಡುವ ಚಾಳಿ ನನ್ನದು. ನಿನ್ನ ಅಕೌಂಟಿಗೆ ಬೇಕೆಂದೇ ಒಂದು ತಪ್ಪು ಪಾಸ್‌ವರ್ಡ್ ಒತ್ತಿದೆ. ಮರೆತವರಿಗೆ ಜ್ಞಾಪಿಸಲು ಒಂದು ಸಾಲು ಬರುತ್ತದಲ್ಲ, ಅಲ್ಲಿ ನೀನು ಬರೆದದ್ದು ಬಂತು: "ಗಾಬರಿ ಗುಬ್ಬೀ, ಬೀಗ ಗಟ್ಟಿಯಾಗಿದೆ. ಹೋಗಿ ಓದ್ಕೋ." ಚಿಕ್ಕಮ್ಮಾ, ನೀನು ಅಸಾಧ್ಯದ ಹೆಂಗಸು. ನಾನು ಹೀಗೇ ಮಾಡುತ್ತೇನೆ ಅಂತ ಹೊರಡುವ ಮೊದಲೇ ಹೇಗೆ ಗೊತ್ತಿತ್ತು ನಿನಗೆ?

ಇನ್ನು ಮಂಗಳವಾರದ ಕಥೆ. ಟೈಲರಕ್ಕ ನೀನು ಟೈಪ್ ಮಾಡಿಕೊಡುವ ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡಿಸಿಕೊಂಡು ಫಲಿತಾಂಶಕ್ಕೆ ಕಾಯುತ್ತಿದ್ದರಲ್ಲ, ಊಟ ಸೇರುತ್ತಿರಲಿಲ್ಲ ಅವರಿಗೆ. ಮಷಿನ್ನಿನ ಮುಂದೆ ಕೂತು ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಬೇಕರಿ ಅಕ್ಕನಿಗೆ ಅದನ್ನು ನೋಡಲಾಗಲಿಲ್ಲ. ನಾನು ಲ್ಯಾಬ್ ಮುಗಿಸಿಕೊಂಡು ಬರುವಷ್ಟರಲ್ಲಿ ಹಾಲಿನಲ್ಲಿ ನಿನ್ನ ಸಿಪಿಯು ಅಡ್ಡ ಮಲಗಿತ್ತು, ಹೊಟ್ಟೆ ಬಿಚ್ಚಿತ್ತು, ಪಕ್ಕದಲ್ಲಿ ಬೇಕರಿ ಅಕ್ಕನ ಭಾವ, ಅದೇ ಮೊಬೈಲ್ ರಿಪೇರಿ ಅಂಗಡಿಯವರು, ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು. ಚಪ್ಪಲಿ ಕೂಡ ಬಿಡದೆ ಓಡಿಹೋಗಿ ಸಿಪಿಯು ಮೇಲೆ ಕೂತುಬಿಟ್ಟೆ! "ಏಳಮ್ಮಾ ತಾಯಿ, ಅದು ಸ್ಟೂಲಲ್ಲ" ಅಂದರು ಅವರು. ಆಮೇಲೆ ಗೊತ್ತಾಯಿತು, ಡಿಸ್ಕು ತೆಗೆದು ತಮ್ಮ ಲ್ಯಾಪ್‌ಟಾಪಿಗೆ ಹಾಕಿ ಆಗಲೇ ನೋಡಿದ್ದರು, ಒಂದಕ್ಷರ ಓದಲು ಬಂದಿರಲಿಲ್ಲ. ಡಿಸ್ಕನ್ನು ಮೊದಲಿದ್ದ ಹಾಗೇ ಸಿಕ್ಕಿಸುತ್ತಾ, "ಒಳಗೂ ಬೀಗ ಜಡಿದವ್ರೆ. ಯಾರ್ರೀ ಮಾಡಿದ್ದು? ನೀಟಾಗೈತೆ ಕೆಲಸ. ಪಾಸ್‌ವರ್ಡ್ ಇಲ್ದೆ ಇದು ದೇವರಿಗೂ ತೆಗೆಯೋಕಾಗಲ್ಲ" ಅಂತ ಹೇಳಿ ಹೊರಟೇಹೋದರು.

ಅಲ್ಲಿಗೆ ಎಲ್ಲ ಬಂದು ನನ್ನ ತಲೆಯ ಮೇಲೆ ನಿಂತಿತು. ಬೇಕರಿ ಅಕ್ಕ ನನ್ನ ಕೈ ಹಿಡಿದುಕೊಂಡಳು. "ನಿಂಗೆ ಗೊತ್ತಲ್ವೇನೇ? ಬೇರೆ ಯಾರದ್ದೂ ಬೇಡ, ಅವಳದ್ದೊಂದು ನೋಡು. ಹೀಗೆ ಕಾದೂ ಕಾದೂ ಸತ್ತೇಹೋಗ್ತಾಳೆ" ಅಂತ ಅತ್ತಳು. ಅವಳ ಮಾತಿನಲ್ಲಿ ಕೆಟ್ಟದ್ದು ಒಂದು ಚೂರೂ ಇರಲಿಲ್ಲ, ಕಷ್ಟವಾದದ್ದೇ ಅದು. ಕಳ್ಳರಿಗೆ ಇಲ್ಲ ಅನ್ನುವುದು ಸುಲಭ, ಅಳುವವರಿಗೆ ಹೇಗೆ ಅನ್ನಲಿ? ಗೊತ್ತಿಲ್ಲ ಅಂತ ಒಂದು ಸುಳ್ಳು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ನೀನು ಯಾವತ್ತಾದರೂ ಹಾಗಂದಿದ್ದೀಯಾ? ಯೋಚಿಸಿದೆ. "ಗೊತ್ತು, ಕೊಡಲ್ಲ" ಅಂದೆ. ನನ್ನ ಧ್ವನಿ ನನಗೇ ಬೇರೆ ಯಾರದ್ದೋ ಅನ್ನುವ ಹಾಗೆ ಕೇಳಿಸಿತು. "ನೀನೂ ಒಂದು ಮನುಷ್ಯಳೇನೇ?" ಅಂತ ಅವಳು ಕೈ ಕೊಡವಿದಳು.

ಟೈಲರಕ್ಕ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ ಗೊತ್ತಿಲ್ಲ. ಕುತ್ತಿಗೆಯಲ್ಲಿ ಟೇಪು ಹಾಗೇ ಇತ್ತು. "ಅವಳನ್ನ ಬಿಡೇ. ನಾನೇ ಇವಳ ಚಿಕ್ಕಮ್ಮನ್ನ ಊಟಕ್ಕೆ ಕೂತಾಗ ಕೇಳ್ದೆ, ನಂದು ಬಂತಾ ಅಂತ. 'ನನ್ನ ಕಿವಿಗೆ ಬಂದಿದ್ದು ಬೆರಳಿಗೆ ಹೋಗತ್ತೆ ಅಕ್ಕಾ, ಬಾಯಿಗೆ ಬರಲ್ಲ' ಅಂದ್ಲು. ಎರಡು ದಿನ ಮಾತು ಬಿಟ್ಟಿದ್ದೆ. ಆಮೇಲೆ ನನಗೇ ಧೈರ್ಯ ಬಂತು, ನಂದು ಅವಳ ಹತ್ರ ಇದ್ದರೂ ಭದ್ರವಾಗಿರತ್ತೆ ಅಂತ. ನನ್ನ ಹತ್ರ ಅಳತೆ ಕೊಡೋಕೆ ಬರ್ತಾರಲ್ಲ, ಯಾರು ಬಸುರಿ, ಯಾರ ಮೈ ಮೇಲೆ ಏಟಿನ ಗುರುತಿದೆ, ಎಲ್ಲ ಕಾಣತ್ತೆ ನಂಗೆ. ಒಂದು ದಿನ ನಿನ್ನ ಹತ್ರ ಹೇಳಿದೀನಾ?" ಅಂದರು. ಬೇಕರಿ ಅಕ್ಕ ತಾನೇ ಸಿಪಿಯು ಮುಚ್ಚಳ ಹಾಕಿ ಸ್ಕ್ರೂ ಬಿಗಿಮಾಡಿದಳು, ಒಂದು ಸ್ಕ್ರೂ ಮಾತ್ರ ಸಿಕ್ಕಿಲ್ಲ, ಸೋಫಾದ ಕೆಳಗೆ ಹುಡುಕಬೇಕು. ಟೈಲರಕ್ಕನ ರಿಪೋರ್ಟ್ ಅದರೊಳಗೆ ಇದೆಯೋ ಇಲ್ಲವೋ ನಾನು ನೋಡಿಲ್ಲ. ಇದ್ದು, ಗೊತ್ತಿದ್ದೂ, ನೀನು ಅವರ ಪಕ್ಕದಲ್ಲಿ ಕೂತು ಊಟ ಬಡಿಸಿದ್ದೆಯಾದರೆ, ಚಿಕ್ಕಮ್ಮಾ, ಅಷ್ಟು ಗಟ್ಟಿ ಗುಂಡಿಗೆ ನನಗೂ ಯಾವತ್ತಾದರೂ ಬಂದೀತಾ ಅಂತ ಯೋಚಿಸುತ್ತೇನೆ.

ಅಮ್ಮನಿಗೆ ನನ್ನ ಮುತ್ತು. ಅಪ್ಪನಿಗೆ ಓದುತ್ತಿದ್ದೇನೆ ಅಂತ ಹೇಳು, ಉಗುರಿನ ವಿಷಯ ಬೇಡ. ನೀನು ಭಾರ ಎತ್ತಬೇಡ.

ನಿನ್ನ,
ಗಾಬರಿ ಗುಬ್ಬಿ

ಮರೆತದ್ದಲ್ಲ, ಬೇಕೆಂದೇ ಕೊನೆಗಿಟ್ಟದ್ದು: ಇದನ್ನು ಅಮ್ಮನಿಗೆ ಓದಿ ಹೇಳಬೇಡ. ನಿನ್ನೆ ಟೈಲರಕ್ಕನಿಗೆ ಆಸ್ಪತ್ರೆಯಿಂದ ಕರೆ ಬಂತು, ಹೋಗಿ ಬಂದರು. ಆಪರೇಷನ್ ಆಗಬೇಕಂತೆ, ಇಪ್ಪತ್ತನೇ ತಾರೀಖಿಗೆ. ಚಿಕ್ಕಮ್ಮನಿಗೆ ಮಾತ್ರ ಬರಿ ಅಂದಿದ್ದಾರೆ. ಬೇಕರಿ ಅಕ್ಕನಿಗೆ ಇನ್ನೂ ಹೇಳಿಲ್ಲ, ಹೇಳುವುದು ಬಿಡುವುದು ಅವರಿಷ್ಟ. ಜೊತೆಗೆ ಯಾರಿರುತ್ತಾರೆ ಅಂತ ಆಸ್ಪತ್ರೆಯಲ್ಲಿ ಕೇಳಿದಾಗ ತಮ್ಮ ಸ್ವಂತ ಅಣ್ಣನ ಹೆಸರು ಹೇಳದೆ ನಿನ್ನ ಹೆಸರು ಹೇಳಿ ಬಂದಿದ್ದಾರೆ. ಬರುತ್ತೀಯಾ? ಫೋನಿನಲ್ಲಿ ಬರ್ತೀನಿ ಅಥವಾ ಆಗಲ್ಲ, ಅಷ್ಟು ಹೇಳು, ನನಗೆ ತಿಳಿಯುತ್ತದೆ. ನಿನಗಾಗದಿದ್ದರೆ ನಾನಿರುತ್ತೇನೆ ಅಂತ ಅವರಿಗೆ ಹೇಳಿದೆ. ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿ, "ನಿನ್ನ ಗಾಬರಿ ನೋಡ್ಕೊಳ್ಳೋಕೆ ಇನ್ನೊಬ್ಬರು ಬೇಕಾಗ್ತಾರಲ್ಲೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು ರೂಮಿನ ಬಾಗಿಲಿಗೆ ಬಂದು, "ಅವಳು ಬಂದರೂ ನೀನೂ ಬಾ" ಅಂದರು.