ಟವೆಲ್ ಎಸೆದದ್ದು ನಾನೇ

ಜಿಮ್ಮಿನ ಮಹಡಿ,
ಭಾನುವಾರ, ಬೆಳಗಿನ ಅಭ್ಯಾಸ ಮುಗಿದ ಮೇಲೆ

ಮುನಿಸಿಕೊಂಡರೂ ನನ್ನವರೇ ಆದ ಯಜಮಾನರಿಗೆ,

ಮೊದಲು ನಿಮ್ಮ ಮಂಡಿನೋವು ಹೇಗಿದೆ ಹೇಳಿ. ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ತಮ್ಮನ ಮನೆಯವರ ಮುಂದೆ ಮೆಟ್ಟಿಲು ಹತ್ತಿ ಇಳಿದು ಪೌರುಷ ತೋರಿಸುತ್ತಿದ್ದೀರೋ? ನಾನು ಚೆನ್ನಾಗಿದ್ದೇನೆ. ನಿಮ್ಮ ಗೊರಕೆ ಇಲ್ಲದ್ದಕ್ಕೆ ನಿದ್ದೆ ಬರುತ್ತಿಲ್ಲ, ಅಷ್ಟೇ. ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜು ಕಳಿಸಿದರೆ ನೋಡಿಯೂ ನೋಡದ ಹಾಗಿರುತ್ತೀರಿ. ಕಾಗದವಾದರೆ ನಿಮ್ಮ ತಮ್ಮನ ಹೆಂಡತಿ ನಿಮ್ಮ ಕೈಗೇ ಕೊಟ್ಟು ಎದುರಿಗೆ ನಿಂತಿರುತ್ತಾಳೆ, ಓದದೆ ವಿಧಿಯಿಲ್ಲ. ಆದರೆ ಕ್ಷಮೆ ಕೇಳುವುದಕ್ಕೆ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ.

ಲೈಕಪ್ಪನನ್ನು ನಮ್ಮ ಜಿಮ್ಮಿಗೆ ಸೇರಿಸಿಕೊಂಡೆ ಅಂತ ತಾನೇ ನೀವು ಚೀಲ ಹೆಗಲಿಗೇರಿಸಿದ್ದು? ದಾರಿಹೋಕರನ್ನು ಬೆಚ್ಚಿಬೀಳಿಸಿ ವಿಡಿಯೋ ಮಾಡುವ ಮೂವತ್ತರ ಗಂಡಸಿಗೆ ಆ ಅಡ್ಡಹೆಸರಿಟ್ಟವರೂ ನೀವೇ. "ಇದು ಬಾಕ್ಸಿಂಗ್ ಅಲ್ಲ ಕಣೇ, ಬೂಟಾಟಿಕೆ. ಈ ವಿಡಿಯೋದವರು ನಮ್ಮ ಆಟದ ಮಾನ ಹರಾಜು ಹಾಕ್ತಾರೆ. ಅವನು ಇರೋ ತನಕ ನಾನು ಈ ಮೆಟ್ಟಿಲು ತುಳಿಯಲ್ಲ" ಅಂದಿರಿ. ಬೂಟಾಟಿಕೆ ಅನ್ನುವುದನ್ನು ಒಪ್ಪುತ್ತೇನೆ. ಕೈಗೆ ಪಟ್ಟಿ ಸುತ್ತುವಾಗಲೂ ಅವನಿಗೆ ಒಂದು ವಿಡಿಯೋ ಬೇಕು. ಆದರೆ ಗುದ್ದಿಗೆ ಬೂಟಾಟಿಕೆ ಗೊತ್ತೇನ್ರೀ? ಅವನು ಹೇಗೂ ರಿಂಗಿಗೆ ಇಳಿಯುವವನೇ. ಗದ್ದ ಇಳಿಸು, ಕೈ ಎತ್ತು ಅಂತ ಹೇಳುವುದಕ್ಕಾದರೂ ತಿಳಿದವರು ಒಬ್ಬರು ಬೇಕಿತ್ತು. ತಿಳಿದ ನೀವು ಹೊರಟುಹೋದಿರಿ. ನಾನು ಉಳಿದೆ.

ಹೋದ ವಾರ ವಿಡಿಯೋದವರನ್ನೂ ಸೇರಿಸಿ ನಡೆಸಿದ ಸ್ಪರ್ಧೆಗೆ ಒಳಾಂಗಣ ಕ್ರೀಡಾಂಗಣ ಕಿಕ್ಕಿರಿದಿತ್ತು. ಮೊದಲ ಪಂದ್ಯ ನಮ್ಮ ಜಿಮ್ಮಿನ ಬೇಕರಿ ಹುಡುಗಿಯದು. ಇಷ್ಟು ವರ್ಷ ಅವಳು ಖಾಲಿ ಕುರ್ಚಿಗಳ ಮುಂದೆ ಆಡಿ, ಗೆದ್ದು, ತನ್ನ ಪದಕವನ್ನು ತಾನೇ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದವಳು. ಅಂದು ಮೊದಲ ಸುತ್ತಿನಲ್ಲಿ ಜನ ತಿನ್ನುತ್ತಾ, ಸೆಲ್ಫಿ ತೆಗೆದುಕೊಳ್ಳುತ್ತಾ ಗಲಾಟೆ ಮಾಡುತ್ತಿದ್ದರು. ಎರಡನೆಯ ಸುತ್ತಿಗೆ ಬಾಯಿ ಮುಚ್ಚಿದರು, ಮೂರನೆಯದಕ್ಕೆ ಎದ್ದು ನಿಂತರು. ಗೆದ್ದು ಕೆಳಗಿಳಿದವಳು ನನ್ನನ್ನು ತಬ್ಬಿಕೊಂಡು, "ಅಕ್ಕಾ, ಇಷ್ಟೊಂದು ಜನ ನನ್ನನ್ನೇ ನೋಡಿದ್ರು" ಅಂತ ಗಳಗಳನೆ ಅತ್ತಳು. ಲೈಕಪ್ಪನ ಪಂದ್ಯ ಇಲ್ಲದಿದ್ದರೆ ಅವರೆಲ್ಲ ಬರುತ್ತಿದ್ದರೇ? ನಿಮ್ಮ ನ್ಯಾಯದ ತಕ್ಕಡಿಯಲ್ಲಿ ಇದನ್ನೂ ಇಡಿ.

ಕೆಡುಕನ್ನೂ ಕಂಡೆ, ಮುಚ್ಚಿಡುವುದಿಲ್ಲ. ಕೊನೆಯದಾದ ಲೈಕಪ್ಪನ ಪಂದ್ಯಕ್ಕೆ ಮುಂಚೆ ಆಯೋಜಕ ಬಂದು, "ಮೂರೂ ಸುತ್ತು ನಡೀಲೇಬೇಕು ಮೇಡಂ, ಮಧ್ಯೆ ಜಾಹೀರಾತು ಇದೆ, ಟವೆಲ್ ಗಿವೆಲ್ ಎಸೆದು ಪಂದ್ಯ ನಿಲ್ಲಿಸಬೇಡಿ" ಅಂತ ನಗುತ್ತಲೇ ಹೇಳಿದ. ನನ್ನ ಟವೆಲನ್ನು ಕಿತ್ತುಕೊಂಡೂ ಹೋದ. ಮೂಲೆಯ ಹಗ್ಗಕ್ಕೆ ಸೋಪಿನ ಕಂಪನಿಯ ಟವೆಲನ್ನು ಅಂದಕ್ಕೆ ನೇತುಹಾಕಿದ್ದರು. ಲೈಕಪ್ಪನ ಎದುರಾಳಿ ವ್ಯಾಯಾಮದ ವಿಡಿಯೋ ಮಾಡುವ ದಾಂಡಿಗ. ಎರಡನೆಯ ಸುತ್ತಿನಲ್ಲಿ ಅವನ ಒಂದು ಏಟು ಲೈಕಪ್ಪನ ಕಿವಿಯ ಹತ್ತಿರ ಬಿತ್ತು. ಏಟು ತಿಂದವರು ಯಾರಾದರೂ ಕೈ ಎತ್ತುತ್ತಾರೆ. ಇವನು ಕ್ಯಾಮೆರಾ ಹುಡುಕಿ ನಕ್ಕ! ಜನ ಹುಚ್ಚೆದ್ದು ಕೂಗಿದರು. ಇನ್ನೊಂದು ಬಿತ್ತು. ಮತ್ತೆ ತಿರುಗಿ ನಕ್ಕ. ಈ ಸಲ ಅವನು ನಕ್ಕ ಕಡೆ ಕ್ಯಾಮೆರಾ ಇರಲಿಲ್ಲ ಕಣ್ರೀ, ಬರೀ ಕಂಬ ಇತ್ತು. ಕ್ಯಾಮೆರಾ ಎಲ್ಲಿದೆ ಅಂತ ನಿದ್ದೆಯಲ್ಲೂ ಹೇಳಬಲ್ಲವನು ಕಂಬಕ್ಕೆ ಹಲ್ಲು ಕಿರಿಯುತ್ತಿದ್ದ. ಸೋಪಿನ ಟವೆಲನ್ನೇ ಕಿತ್ತು ರಿಂಗಿನ ಮಧ್ಯಕ್ಕೆ ಬೀಸಿ ಎಸೆದೆ. ರೆಫರಿ ಪಂದ್ಯ ನಿಲ್ಲಿಸಿದರು.

ಬಾಟಲಿಗಳು ಹಾರಿಬಂದವು. ಆಯೋಜಕ ನನ್ನ ವಂಶವನ್ನೆಲ್ಲ ಜಾಲಾಡಿದ. "ನಿನಗೆ ಟವೆಲ್ ಚಿಂತೆ, ನನಗೆ ತಲೆ ಚಿಂತೆ, ಹೋಗಯ್ಯಾ" ಅಂದೆ. ಡಾಕ್ಟರು ಲೈಕಪ್ಪನನ್ನು ಆಸ್ಪತ್ರೆಯಲ್ಲಿಟ್ಟು ನೋಡಿದರು. ಇನ್ನೊಂದು ಏಟು ಬಿದ್ದಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಅಂದರಂತೆ. ಈಗ ಆರಾಮಾಗಿದ್ದಾನೆ. ಅವನ ಅಭಿಮಾನಿಗಳು ಮಾತ್ರ ನನ್ನನ್ನು ಟವೆಲ್ ಆಂಟಿ ಅಂತ ಹೀಯಾಳಿಸಿ ಊರೆಲ್ಲ ಹಂಚಿದರು. ಹಂಚಲಿ. ಅದನ್ನು ನೋಡಿಯೇ ನಿನ್ನೆ ಇಬ್ಬರು ತಾಯಂದಿರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದು, "ಟವೆಲ್ ಎಸೆದವರು ಇರೋ ಜಾಗ ಇದೇನಾ?" ಅಂತ ಕೇಳಿದರು.

ಲೈಕಪ್ಪನೂ ಬಂದಿದ್ದ, ಕ್ಯಾಮೆರಾದವನನ್ನು ಬಿಟ್ಟು. ಡಾಕ್ಟರು ಒಪ್ಪಿದ ಮೇಲೆ ಮೊದಲಿನಿಂದ ಕಲಿಯಬೇಕಂತೆ. ಮೊದಲು ಕಾಲೂರಿ ನಿಲ್ಲುವುದನ್ನು ಕಲಿಸುತ್ತೇನೆ, ಒಂದು ವರ್ಷ ರಿಂಗು ಹತ್ತಕೂಡದು ಅಂದೆ. ತಲೆಯಾಡಿಸಿದ. ಎಷ್ಟು ದಿನ ಇರುತ್ತಾನೋ ಗೊತ್ತಿಲ್ಲ, ಆದರೆ ನಾನಾಗಿ ಕಳಿಸುವುದಿಲ್ಲ. ನಿಮ್ಮ ಪಣ ನಿಮಗೆ. ಅವನಿದ್ದಾಗಲೇ ನೀವು ಬರಬೇಕು ಅನ್ನುವುದು ನನ್ನ ಹಟ. ನೀವಿಲ್ಲದೆ ಈ ಜಿಮ್ಮು ನಡೆಯುತ್ತದೆ. ನನಗೆ ಮಾತ್ರ ಬಿಕೋ ಅನ್ನಿಸುತ್ತದೆ.

ನಿಮ್ಮ ತಮ್ಮನಿಗೂ ಅವನ ಹೆಂಡತಿಗೂ ನನ್ನ ನೆನಪು ತಿಳಿಸಿ. ಮಾತ್ರೆ ತಪ್ಪಿಸಬೇಡಿ.

ಜಗಳವಾಡಿದರೂ ನಿಮ್ಮ ಕಡೆಗೇ ಇರುವ,
ನಿಮ್ಮಾಕೆ

ವಿ.ಸೂ.: ಬಾಗಿಲ ಮೇಲಿನ ಬೋರ್ಡನ್ನು ಇವತ್ತು ಹೊಸದಾಗಿ ಬರೆಸಿದೆ. 'ಮುಖ್ಯ ತರಬೇತುದಾರರು' ಅನ್ನುವಲ್ಲಿ ಈಗ ನನ್ನ ಹೆಸರಿದೆ. ನಿಮ್ಮದನ್ನು ಅಳಿಸಿಲ್ಲ, ಒಂದು ಸಾಲು ಕೆಳಗಿಳಿಸಿದ್ದೇನೆ. ಬಣ್ಣ ಇನ್ನೂ ಹಸಿಯಾಗಿದೆ. ತಕರಾರಿದ್ದರೆ ಇಲ್ಲಿಗೇ ಬಂದು ನನ್ನೆದುರು ನಿಂತು ಹೇಳಿ.